ಹಲಗೆಯ ಮೇಲಿನ ಐವತ್ತೆರಡು

ಮೇ ೬, ಮಂಗಳವಾರ

ನನ್ನ ಗುಬ್ಬಿಗೆ,

ಅಮ್ಮನ ನೂರು ಮುತ್ತುಗಳು.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಹೆರಿಗೆಗೆ ಮುಂಚೆಯೇ ಬಂದುಬಿಡಮ್ಮ, ಒಬ್ಬಳಿಗೇ ಹೆದರಿಕೆ ಎಂದು ಬರೆದಿದ್ದೀಯ. ಉತ್ತರ ಬರೆಯಲು ಕುಳಿತಾಗಲೆಲ್ಲ ಒಂದೊಂದು ನೆಪ ಹೊಳೆಯುತ್ತದೆ. ಮೊದಲು ಮಂಡಿನೋವು ಎಂದು ಬರೆದು ಹರಿದೆ. ದಿನಾ ಇನ್ನೂರು ಮೆಟ್ಟಿಲು ಹತ್ತಿ ಒರತೆಗೆ ಹೋಗುವವಳ ಮಂಡಿನೋವನ್ನು ನೀನು ನಂಬುತ್ತೀಯಾ? ಆಮೇಲೆ ತಪ್ಪನ್ನು ಬಸ್ಸಿನ ಮೇಲೆ ಹಾಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದನ್ನೂ ಹರಿದೆ.

ಕೊನೆಗೆ ಉಳಿದದ್ದು ಚಾವಿ. ನೀರಿನ ತೊಟ್ಟಿಯ ಚಾವಿಯನ್ನು ಊರವರು ನಂಬಿ ನನ್ನ ಕೈಗೆ ಕೊಟ್ಟಿದ್ದಾರೆ, ಬಿಟ್ಟು ಬರಲಾರೆ ಎಂದು ಬರೆಯೋಣವೆಂದುಕೊಂಡೆ. ಇದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಪಕ್ಕದ ಮನೆಯ ನಿನ್ನ ಚಿಕ್ಕಮ್ಮ, ಹದಿನೈದು ದಿನ ತಾನೇ ಅಕ್ಕಾ, ನಾನು ನೋಡ್ಕೋತೀನಿ, ಹೋಗಿ ಬಾ ಎಂದು ಎರಡು ಸಲ ಹೇಳಿದಳು. ಎರಡು ಸಲವೂ ಗದರಿ ಕಳಿಸಿದೆ. ಪಾಪ, ಮುಖ ಸಣ್ಣದು ಮಾಡಿಕೊಂಡು ಹೋದಳು.

ನಿನಗೆ ನೆನಪಿರಬೇಕು. ಬೆಳಿಗ್ಗೆ ಒರತೆಯ ಕೊಳವೆಗೆ ಬಕೆಟ್ ಹಿಡಿದು, ಅದು ತುಂಬುವವರೆಗೆ ಎಣಿಸಿ, ಆ ಸಂಖ್ಯೆಯನ್ನು ತೊಟ್ಟಿಯ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಚಿಕ್ಕವಳಿದ್ದಾಗ ನೀನೇ ಎಣಿಸುತ್ತಿದ್ದೆ. ಹದಿನೆಂಟಕ್ಕೆಲ್ಲ ತುಂಬಿ ನಿನ್ನ ಲಂಗ ನೆನೆಯುತ್ತಿತ್ತು. ಒರತೆ ಸೊರಗಿ ಸಂಖ್ಯೆ ಅರವತ್ತು ದಾಟಿದರೆ ಎಲ್ಲರ ಸರದಿಯೂ ಅರ್ಧ, ತರಕಾರಿ ಮಡಿಗೆ ಹನಿ ನೀರೂ ಇಲ್ಲ. ನೀರು ಸಮಿತಿಯಲ್ಲಿ ಜಗಳವಾಡಿ ಆ ನಿಯಮ ಮಾಡಿಸಿದವಳೇ ನಾನು.

ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅರವತ್ತೆರಡು ಬಂತು. ಹಿಂದಿನ ದಿನವಷ್ಟೇ ನಿನ್ನ ಚಿಕ್ಕಮ್ಮ ಕೋಸಿನ ಸಸಿ ನಾಟಿದ್ದಳು. ಅವತ್ತು ನೀರು ತಪ್ಪಿದ್ದರೆ ಅಷ್ಟೂ ಸುಟ್ಟುಹೋಗುತ್ತಿದ್ದವು. ಒಂದೇ ಒಂದು ದಿನ ಎಂದುಕೊಂಡು ಐವತ್ತೆರಡು ಎಂದು ಬರೆದೆ. ಮರುದಿನ ಅರವತ್ತೈದು. ರಾತ್ರಿ ಬೆಳಗಾಗುವುದರಲ್ಲಿ ಹದಿಮೂರು ಹೇಗೆ ಏರಿತು ಎಂದು ಯಾರಾದರೂ ಕೇಳಿದರೆ? ಮತ್ತೆ ಐವತ್ತೆರಡು. ಅಂದಿನಿಂದ ಐವತ್ತೊಂದು, ಐವತ್ತಮೂರು ಎಂದು ಬರೆಯುತ್ತಲೇ ಇದ್ದೇನೆ. ತೊಟ್ಟಿಯ ತಳ ಕಾಣುತ್ತಿರುವುದು ಬೀಗ ತೆಗೆಯುವ ನನಗೊಬ್ಬಳಿಗೇ ಗೊತ್ತು. ಇವತ್ತಿನ ನಿಜ ತೊಂಬತ್ತಾರು.

ಅಷ್ಟೇ ಆಗಿದ್ದರೆ ಊರವರು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರೇನೋ. ಹೋದ ತಿಂಗಳು ಸಭೆಯಲ್ಲಿ ಮೇಲಿನ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವ ಮಾತು ಬಂತು. ಮಳೆ ನೀರು ಓಡಿಹೋಗದೆ ನೆಲಕ್ಕಿಳಿದರೆ ಒರತೆ ಉಳಿಯುತ್ತದೆ. ಸುತ್ತಲಿನ ಊರಿನವರೆಲ್ಲ ತೋಡುತ್ತಿದ್ದಾರೆ. ನಮ್ಮವರು ಹಲಗೆ ನೋಡಿದರು. ಸಮಿತಿಯ ಅಧ್ಯಕ್ಷರಾದ ನಿನ್ನ ದೊಡ್ಡಪ್ಪ, ನಮ್ಮ ಒರತೆ ಗಟ್ಟಿಯಾಗಿದೆ, ಬಂಡೆ ಅಗೆದು ಸೊಂಟ ಯಾಕೆ ಮುರ್ಕೋಬೇಕು, ಮುಂದಿನ ವರ್ಷ ನೋಡೋಣ ಎಂದರು. ಎಲ್ಲರೂ ಕೈಯೆತ್ತಿದರು. ಗುಬ್ಬೀ, ನಾನೂ ಎತ್ತಿದೆ.

ಹೇಳಿದರೆ ಊರಲ್ಲಿ ತಲೆಯೆತ್ತುವಂತಿಲ್ಲ. ಹೇಳದಿದ್ದರೆ, ಮಳೆಗೆ ಉಳಿದಿರುವುದು ಮೂರೇ ವಾರ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಚಾವಿ ಬೇರೆಯವರ ಕೈಗೆ ಹೋದ ಮೊದಲ ಬೆಳಿಗ್ಗೆಯೇ ಎಲ್ಲ ಬಯಲಾಗುತ್ತದೆ. ನಿನ್ನ ಬಳಿ ಬರಲು ಆಗದಿರುವುದು ಇದಕ್ಕೇ. ಅಂಗಡಿಯ ಫೋನಿನಲ್ಲಿ ಹೇಳೋಣವೆಂದರೆ ಅಲ್ಲಿ ಹತ್ತು ಕಿವಿಗಳಿರುತ್ತವೆ.

ನಾಳೆ ನಿಜವಾದ ಸಂಖ್ಯೆಯನ್ನೇ ಬರೆಯುತ್ತೇನೆ. ಚಾವಿಯನ್ನು ನಿನ್ನ ಚಿಕ್ಕಮ್ಮನಿಗೆ ಕೊಟ್ಟು ಮಧ್ಯಾಹ್ನದ ಬಸ್ಸು ಹಿಡಿಯುತ್ತೇನೆ. ಹೆದರಬೇಡ ಮಗಳೇ.

ನಿನ್ನ ಬಳಿಗೆ ಹೊರಟಿರುವ,
ಅಮ್ಮ

ಮತ್ತೆ ಸೇರಿಸಿದ್ದು: ಈ ಪತ್ರ ಒಂಬತ್ತು ದಿನದಿಂದ ಅಕ್ಕಿ ಡಬ್ಬಿಯ ಅಡಿಯಲ್ಲೇ ಇತ್ತು. ನಿನಗೆ ಹೆಣ್ಣು ಮಗುವಾದ ಸುದ್ದಿಯನ್ನು ಅಳಿಯಂದಿರು ಅಂಗಡಿಗೆ ಫೋನ್ ಮಾಡಿ ತಿಳಿಸಿದರು. ಮೊಮ್ಮಗಳನ್ನ ನೋಡೋಕೂ ಹೋಗದೆ ನೀರು ಕಾಯ್ತಿದ್ದಾಳೆ, ಇದ್ದರೆ ಇಂಥವಳಿರಬೇಕು ಎಂದು ಊರೆಲ್ಲ ಹೊಗಳುತ್ತಿದೆ. ಇವತ್ತಿನ ಎಣಿಕೆ ನೂರಾ ಏಳು. ಹಲಗೆಯ ಮೇಲೆ ಐವತ್ತೆರಡು. ನನ್ನ ಕೈಯಲ್ಲಾಗುವುದಿಲ್ಲ. ದೊಡ್ಡಪ್ಪನಿಗೆ ನೀನೇ ಫೋನ್ ಮಾಡಿ ಎಲ್ಲ ಹೇಳು, ಈ ವಾರವೇ ಗುಂಡಿ ತೋಡಲಿ. ಮಾಡುವ ಮುಂಚೆ ನನಗೆ ಮಾತ್ರ ತಿಳಿಸಬೇಡ. ತಿಳಿಸಿದರೆ ಬೇಡ ಎಂದುಬಿಡುತ್ತೇನೆ.