ಗಂಟಲ ಮಾತ್ರೆ ಮತ್ತು ಮಹಾರಾಣಿ

ಸೋಮವಾರ, ಸಂಜೆ

ಮಹಾಜನಗಳೇ, ಮುಂದಿನ ಸಾಲಿನ ಮಹನೀಯರೇ, ಹಿಂದೆ ನಿಂತು ಶಿಳ್ಳೆ ಹೊಡೆಯುವ ಮಹಾಶಯರೇ, ಕಿವಿಗೊಟ್ಟು ಕೇಳಿರಿ! ಗಾಬರಿಯಾಗಬೇಡ ಅಕ್ಕಾ, ಈ ಸಭೆಯಲ್ಲಿ ಕೂತಿರುವವಳು ನೀನೊಬ್ಬಳೇ. ಬೇರೆ ಯಾರಿಗೆ ಹೇಳಲಿ?

ಹೋದ ತಿಂಗಳು ಗಂಟಲು ಕಟ್ಟಿ ಆಂಟಿಬಯೋಟಿಕ್ ನುಂಗಿದ್ದೆ. ಸ್ವರ ಬಂತು, ಬೆನ್ನಿಗೇ ಕೆಳಗೆ ತುರಿಕೆಯೂ ಬಂತು. ಎಂಥ ತುರಿಕೆ! ರಂಗದ ಮೇಲೆ ಸಿಂಹಾಸನದಲ್ಲಿ ಕೂತು ಮಂತ್ರಿಗೆ ಅಪ್ಪಣೆ ಕೊಡುತ್ತಿದ್ದ ಮಹಾರಾಣಿ ಮಾತು ನುಂಗಿ ಎದ್ದು ನಿಂತುಬಿಟ್ಟಳು. ಒಡೆದ ಮೊಸರಿನಂಥ ಬಿಳಿ ಸ್ರಾವ. ಮೂತ್ರಕ್ಕೆ ಹೋದರೆ ಬೆಂಕಿ. ನಮ್ಮ ನಾಟಕದವರ ಬುದ್ಧಿ ಗೊತ್ತಲ್ಲ, ಸಕಲ ರೋಗಕ್ಕೂ ಗಂಟಲ ಮಾತ್ರೆಯೇ ಮದ್ದು. ಹೋದ ತಿಂಗಳು ಉಳಿದಿದ್ದ ಆ ಮಾತ್ರೆಗಳನ್ನೆಲ್ಲ ನುಂಗಿದೆ. ಸಾಲದೆಂದು ಗಾಯ ತೊಳೆಯುವ ಔಷಧಿಯಿಂದ ತೊಳೆದೆ. ಉರಿಗೆ ತುಪ್ಪ ಸುರಿದಂತಾಯಿತು.

ನಾಟಕದ ಬಟ್ಟೆಬರೆ ನೋಡಿಕೊಳ್ಳುವ ಪೋಷಾಕಿನವಳ ಕಣ್ಣು ತಪ್ಪಿಸಲಾದೀತೇ? ಒಳಲಂಗದ ಕಲೆ ನೋಡಿ, "ಏನಮ್ಮಾ ಮಹಾರಾಣಿ, ಎಲ್ಲಿಂದ ಅಂಟಿಸ್ಕೊಂಡು ಬಂದೆ?" ಎಂದಳು. ನಮ್ಮಲ್ಲಿ ಒಬ್ಬರು ಬಿಚ್ಚಿದ್ದನ್ನು ಇನ್ನೊಬ್ಬರು ತೊಡುವುದೇ ರೂಢಿ; ಹೆಂಗಸರೆಲ್ಲ ಬೆಚ್ಚಿದರು. ಅಂದಿನಿಂದ ಬಟ್ಟೆ ನೇತುಹಾಕುವ ನನ್ನ ಮೊಳೆ ಬೇರೆ, ಕನ್ನಡಿ ಬೇರೆ. ನಾನು ಒಳಗೆ ಬಂದರೆ ನಗು ನಿಲ್ಲುತ್ತದೆ.

ಇವತ್ತು ಡಾಕ್ಟರಮ್ಮನ ಬಳಿ ಹೋದೆ. ಕೊನೆಯ ಸಾಲಿಗೂ ಮುಟ್ಟುವ ಈ ಗಂಟಲು ಅಲ್ಲಿ ಪಿಸುಗುಟ್ಟಿತು. ಅವರು ಹತ್ತಿಕಡ್ಡಿಯಲ್ಲಿ ಸ್ರಾವ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಯೀಸ್ಟ್ ಸೋಂಕು. ಆ ಶಿಲೀಂಧ್ರ ಎಷ್ಟೋ ಹೆಂಗಸರ ಯೋನಿಯಲ್ಲಿ ತೆಪ್ಪಗೆ ಇರುತ್ತದಂತೆ; ಅದನ್ನು ಹದ್ದುಬಸ್ತಿನಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ನನ್ನ ಮಾತ್ರೆ ಕೊಂದಿತ್ತು.

"ಕಾವಲಿನವರನ್ನ ನೀವೇ ಕೊಂದು ಕೋಟೆ ಬಾಗಿಲು ತೆಗೆದಿಟ್ರಲ್ರೀ!" ಎಂದು ನಕ್ಕರು.

ಯಾರಿಂದ ಅಂಟಿತು ಎಂದು ಕೇಳಿದೆ.

"ಯಾರಿಂದ್ಲೂ ಅಲ್ಲಮ್ಮ. ನಿಮ್ಮ ಬಟ್ಟೆ ಹಾಕ್ಕೊಂಡೋರಿಗೂ ಭಯ ಬೇಡ."

ಅಷ್ಟಕ್ಕೇ ಅತ್ತುಬಿಟ್ಟೆ ಅಕ್ಕಾ, ಹಿಮ್ಮೇಳವಿಲ್ಲದೆ.

ರಾತ್ರಿ ಯೋನಿಯೊಳಗಿಡುವ ಮಾತ್ರೆ, ಹೊರಗೆ ಹಚ್ಚುವ ಮುಲಾಮು ಕೊಟ್ಟಿದ್ದಾರೆ. ತುರಿಕೆ ನಿಂತಿತೆಂದು ನಡುವೆ ಬಿಡಬಾರದು. ತೊಳೆಯಲು ಬರೀ ನೀರು ಸಾಕು. ಬೆವರಿದ ಒಳಉಡುಪಿನಲ್ಲೇ ಕೂರಬಾರದು. ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ. ನಾನೇ ವೈದ್ಯೆಯಾಗುವ ಪಾತ್ರ ಇಲ್ಲಿಗೆ ಮುಗಿಯಿತು.

ಇಂತು ನಿನ್ನ ತಂಗಿ,
ಸದ್ಯಕ್ಕೆ ರಾಜ್ಯವಿಲ್ಲದ ರಾಣಿ

ತಾ.ಕ.: ಒಂದು ಮಾತು ಮುಚ್ಚಿಟ್ಟೆ. ನಾನೀಗ ಮಲಗುವುದು ಪರದೆ ಸುತ್ತಿಡುವ ಕೋಣೆಯಲ್ಲಿ. ಜೊತೆಯ ಹೆಂಗಸರು ಹೊರಗೆ ಹಾಕಲಿಲ್ಲ, ನಾನೇ ಹಾಸಿಗೆ ಎತ್ತಿಕೊಂಡೆ. ನಾನು ಕೊಳಕೆಂದು ನನಗೂ ಅನಿಸಿತ್ತು. ಯಾರಾದರೂ "ಇರೇ" ಎಂದಾರೆಂದು ಬಾಗಿಲಲ್ಲಿ ಸ್ವಲ್ಪ ನಿಂತೆ, ಯಾರೂ ಅನ್ನಲಿಲ್ಲ. ನಾಳೆ ಬೆಳಗ್ಗೆ ಅದೇ ಹಾಸಿಗೆಯನ್ನು ಪೋಷಾಕಿನವಳ ಮಗ್ಗುಲಲ್ಲೇ ಹಾಸುತ್ತೇನೆ. ಏನಾಗಿತ್ತೆಂದು ಕೇಳಿದರೆ ಹೆಸರು ಹಿಡಿದು ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.