ಅಮ್ಮ ಹಿಡಿದು ತಂದ ಕೊಂಬೆ

ನೊಂಗೋಮಾ
೧೪ ಮೇ ೨೦೦೮

ಥೆಂಬೆಕಾಳ ಅಪ್ಪನಿಗೆ,

ನೀವು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಚೆನ್ನಾಗಿಯೇ ಇರಿ, ನಿಮ್ಮಿಂದ ನನಗೊಂದು ಕೆಲಸ ಆಗಬೇಕಿದೆ. ಮಗಳು ಆರಾಮಾಗಿದ್ದಾಳೆ. ಅಪ್ಪ ಯಾಕೆ ಫೋನು ಎತ್ತುವುದಿಲ್ಲ ಎಂದು ಕೇಳುತ್ತಾಳೆ. ಜೊಹಾನ್ಸ್‌ಬರ್ಗಿನಲ್ಲಿ ಕೆಲಸ ಜಾಸ್ತಿ ಎನ್ನುತ್ತೇನೆ. ಸುಳ್ಳು ಹೇಳುವುದು ಇಷ್ಟು ಸಲೀಸು ಎಂದು ನನಗೆ ಈಗ ಗೊತ್ತಾಗುತ್ತಿದೆ. ನಿಮಗೆ ಮೊದಲೇ ಗೊತ್ತಿತ್ತು.

ನನ್ನ ಅಣ್ಣ ದುಮಿಸಾನಿಯ ಮೂಳೆಗಳು ಸಿಕ್ಕವು.

ಕಾಣೆಯಾದವರನ್ನು ಹುಡುಕುವ ತಂಡದವರು ಮನೆಗೆ ಬಂದು, ಬಿಳಿಯರ ಸರ್ಕಾರದ ಕಾಲದ ಪೊಲೀಸನೊಬ್ಬ ಜಾಗ ತೋರಿಸಲು ಒಪ್ಪಿದ್ದಾನೆ ಎಂದ ವಾರದಲ್ಲೇ ನೀವು ಪೆಟ್ಟಿಗೆ ಕಟ್ಟಿದಿರಿ. ಆಗ ನನಗೆ ಏನೂ ಹೊಳೆಯಲಿಲ್ಲ. ಪಾಪ, ಗೆಳೆಯನ ನೆನಪಾಗಿ ಮನೆಯಲ್ಲಿರಲು ಆಗುತ್ತಿಲ್ಲ ಎಂದುಕೊಂಡು ದಾರಿಗೆ ಕೋಳಿ ಹುರಿದು ಕಟ್ಟಿಕೊಟ್ಟೆ. ಆ ಕೋಳಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಗೆದದ್ದು ಪೊಂಗೊಲಾ ಹೊಳೆಯ ದಂಡೆಯಲ್ಲಲ್ಲ. ಸ್ಟ್ಯಾಂಜರ್ ಆಚೆಯ ಒಂದು ಕಬ್ಬಿನ ತೋಟದಲ್ಲಿ. ಎಂಬತ್ತೇಳರಲ್ಲಿ ಇಬ್ಬರೂ ಹೋರಾಟದ ಪಡೆ ಸೇರಲೆಂದು ಗಡಿ ದಾಟಲು ಹೊರಟಾಗ ಹೊಳೆಯ ಹತ್ತಿರ ಗುಂಡು ಹಾರಿತು, ದುಮಿಸಾನಿ ದಂಡೆಯ ಮೇಲೆ ಬಿದ್ದ, ನಾನೊಬ್ಬ ಈಜಿ ಬದುಕಿದೆ ಎಂದು ಇಷ್ಟು ವರ್ಷ ಹೇಳಿದವರು ನೀವು. ಪ್ರತಿ ಜೂನ್‌ನಲ್ಲಿ ಹುತಾತ್ಮರ ಕಲ್ಲಿನ ಮುಂದೆ ಮೈಕು ಹಿಡಿದು ಅದನ್ನೇ ಹೇಳಿ ಊರಿನ ಹೆಂಗಸರನ್ನೆಲ್ಲ ಅಳಿಸಿದಿರಿ. ನಾನೂ ಅತ್ತೆ. ನಿಮ್ಮನ್ನು ಮದುವೆಯಾದದ್ದೂ ಆ ಕಥೆ ಕೇಳಿಯೇ. ಅಣ್ಣನನ್ನು ಕೊನೆಯದಾಗಿ ನೋಡಿದ ಕಣ್ಣು ನಮ್ಮ ಮನೆಯಲ್ಲೇ ಇರಲಿ ಎಂದು.

ಆ ಪೊಲೀಸ ಈಗ ಮುದುಕ. ಹ್ಯಾಟು ಕೈಯಲ್ಲಿ ಹಿಡಿದು ನಿಂತಿದ್ದ. ಹೂತ ಜಾಗ ತೋರಿಸಿದ. ಜೀವ ಹೋದದ್ದು ಎಲ್ಲಿ ಎಂದು ನಾನು ಕೇಳಿದೆ.

"ಅದು ನಂಗೊತ್ತಿಲ್ಲಮ್ಮ," ಎಂದ. "ಹೂಳೋಕೆ ಮಾತ್ರ ನನ್ನ ಕರೆದಿದ್ರು. ಹೊಡೆದಿದ್ದು ಬೇರೆಯವರು, ಬೇರೆ ಕಡೆ. ಅವರ್‍ಯಾರೂ ಈಗಿಲ್ಲ. ವ್ಯಾನಲ್ಲಿ ಇನ್ನೊಬ್ಬ ಹುಡುಗನ್ನ ಕೈಗೆ ಕೋಳ ಹಾಕಿ ಕೂರಿಸಿದ್ರು. ಇವನು ಅಡಗಿದ್ದ ಮನೆ ತೋರಿಸಿದ್ದೇ ಅವನು. ಭೇಕಿತೆಂಬಾ ಅಂತ ಹೆಸರು. ಆಮೇಲೆ ಅವನ್ನ ಬಿಟ್ಟುಬಿಟ್ರು. ಬದುಕಿದ್ರೆ ಅವನ್ನೇ ಕೇಳಿ, ಎಲ್ಲಾ ನೋಡಿದಾನೆ."

ನಾನು ಆ ಭೇಕಿತೆಂಬಾನ ಹೆಂಡತಿ ಎಂದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಕೊಂದವರ ಕಡೆಯವನ ಮುಂದೆ ನನಗೇ ನಾಚಿಕೆಯಾಯಿತು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ನೀವು ಬಾಯಿ ಬಿಟ್ಟಿರಿ ಎಂದು ನಾನು ಈ ಕಾಗದ ಬರೆಯುತ್ತಿಲ್ಲ. ನಿಮ್ಮ ಬೆನ್ನಿನ ಗುರುತುಗಳಿಗೆ ಎಣ್ಣೆ ಸವರಿದವಳು ನಾನು. ಇನ್ನೂ ಮೀಸೆ ಮೂಡುತ್ತಿದ್ದ ಹುಡುಗ, ಆ ಏಟಿಗೆ ಯಾರು ತಾನೇ ಬಾಯಿ ಬಿಡುತ್ತಿರಲಿಲ್ಲ? ಮೊದಲೇ ಹೇಳಿದ್ದರೆ ನಿಮ್ಮನ್ನು ಮದುವೆಯಾಗುತ್ತಿರಲಿಲ್ಲವೋ ಏನೋ, ಆದರೆ ಶಪಿಸುತ್ತಿರಲಿಲ್ಲ.

ನನ್ನಿಂದ ತಡೆದುಕೊಳ್ಳಲು ಆಗದೇ ಇರುವುದು ಆ ಟ್ಯಾಕ್ಸಿ.

ತೊಂಬತ್ತೈದರಲ್ಲಿ ಅಣ್ಣನ ಆತ್ಮವನ್ನು ಮನೆಗೆ ಕರೆತರಲು ಪೊಂಗೊಲಾಕ್ಕೆ ಹೋದೆವಲ್ಲ. ಸತ್ತವನು ಉಸಿರು ಬಿಟ್ಟ ನೆಲಕ್ಕೇ ಹೋಗಿ, ಉಂಪಾಫಾ ಮರದ ಮುಳ್ಳುಕೊಂಬೆಯನ್ನು ಆ ಮಣ್ಣಿಗೆ ಮುಟ್ಟಿಸಿ ಹೆಸರು ಹಿಡಿದು ಕರೆಯಬೇಕು. ಇಲ್ಲದಿದ್ದರೆ ಅವನು ಏಳುವುದಿಲ್ಲ, ಅಲ್ಲೇ ಅಲೆಯುತ್ತಾನೆ. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಿಮ್ಮ ಅಪ್ಪನನ್ನು ಚಿನ್ನದ ಗಣಿಯಿಂದ ಹಾಗೆಯೇ ಕರೆತಂದವರು ನೀವು. ಅಮ್ಮ, "ಎಲ್ಲಿ ಬಿದ್ದ, ಅಳಿಯಂದ್ರೇ?" ಎಂದು ಕೇಳಿದರು. ನೀವು ದಂಡೆಯ ಮೇಲೆ ಅತ್ತಿತ್ತ ಓಡಾಡಿ, ಒಂದು ಬಂಡೆಯ ಪಕ್ಕ ನಿಂತು, "ಇಲ್ಲೇ ಅಮ್ಮ," ಎಂದಿರಿ. ಅದಕ್ಕೂ ಮೊದಲು ಇನ್ನೊಂದು ಬಂಡೆಯ ಹತ್ತಿರ ನಿಂತು, ಅಲ್ಲ ಎಂದು ತಲೆಯಾಡಿಸಿದಿರಿ ಕೂಡ. ಎಂಥ ನಟನೆ.

ಅಮ್ಮ ಕೊಂಬೆ ಹಿಡಿದು ಟ್ಯಾಕ್ಸಿ ಹತ್ತಿದರು. ಅಣ್ಣನಿಗೂ ಒಂದು ಸೀಟು ಹಿಡಿದಿದ್ದೆವು. ಕೊಂಬೆ ಹಿಡಿದವರು ಮನೆ ತಲುಪುವ ತನಕ ಸತ್ತವನ ಹೊರತು ಬೇರೆ ಯಾರ ಜೊತೆಗೂ ಮಾತಾಡುವಂತಿಲ್ಲ. ಅಮ್ಮನಿಗೆ ಅದೇ ಬೇಕಾಗಿತ್ತು, ದಾರಿಯುದ್ದಕ್ಕೂ ಅವನ ಜೊತೆ ಮಾತೋ ಮಾತು. "ಈಗ ಎಂಕೂಜೆ ಹೊಳೆ ದಾಟ್ತಾ ಇದೀವಿ ಮಗಾ, ಹೆದರಬೇಡ. ನಿನ್ನ ಕೆಂಪು ಹಸು ಕರು ಹಾಕಿತು, ನಾನು ಮಾರಲಿಲ್ಲ ಕಣೋ. ನಿನ್ನ ತಂಗೀನ ಭೇಕಿ ಮದುವೆ ಆದ. ನಿನ್ನ ಜಾಗದಲ್ಲಿ ಅವನೇ ಈಗ ನಂಗೆ ಮಗ." ಆ ಸೀಟಿನ ಆಚೆ ಬದಿಗೆ ನೀವು ಕೂತಿದ್ದಿರಿ. ಅಲ್ಲಿ ಯಾರೂ ಇಲ್ಲ, ಮುದುಕಿ ಬರೀ ಗಾಳಿಯ ಜೊತೆ ಮಾತಾಡುತ್ತಿದ್ದಾಳೆ ಎಂದು ಇಡೀ ಗಾಡಿಯಲ್ಲಿ ನಿಮಗೊಬ್ಬರಿಗೇ ಗೊತ್ತಿತ್ತು. ಗಾಡಿ ತಿರುವಿನಲ್ಲಿ ವಾಲಿದಾಗ ನೀವು ಕಿಟಕಿಯ ಕಡೆ ಸರಿದು ಅವನಿಗೆ ಜಾಗ ಬಿಟ್ಟಿರಿ.

ಆಮೇಲೆ ಮನೆಯಲ್ಲಿ ಏನೇ ಕೆಟ್ಟದ್ದಾದರೂ, ನನ್ನ ಎರಡನೇ ಬಸಿರು ನಿಲ್ಲದೇ ಹೋದಾಗಲೂ, ಅಮ್ಮ ತಮ್ಮನ್ನೇ ಬೈದುಕೊಂಡರು. "ದುಮಿಸಾನಿ ಮುನಿಸಿಕೊಂಡಿದಾನೆ. ಕರೆಯೋದ್ರಲ್ಲಿ ನಾನೇ ಏನೋ ತಪ್ಪು ಮಾಡಿದೆ," ಎನ್ನುತ್ತಿದ್ದರು. ಗುಡಿಸಲಿನಲ್ಲಿ ಕೊಂಬೆ ಇಟ್ಟ ಜಾಗದಲ್ಲಿ ವರ್ಷವರ್ಷವೂ ಜೋಳದ ಬಿಯರ್ ಇಟ್ಟು ಕ್ಷಮೆ ಕೇಳಿದರು. ನೀವು ಅದನ್ನೂ ನೋಡಿದಿರಿ. ಬಿಯರ್ ಚೆನ್ನಾಗಿದೆ ಎಂದು ಇನ್ನೊಂದು ಸಲ ಹಾಕಿಸಿಕೊಂಡಿರಿ.

ಈಗ ನನಗೆ ಬೇಕಾದದ್ದು ಇಷ್ಟೇ. ಮೂಳೆಗಳು ಪೆಟ್ಟಿಗೆಯಲ್ಲಿವೆ, ಆದರೆ ಅಣ್ಣ ಇನ್ನೂ ಸತ್ತ ಜಾಗದಲ್ಲೇ ಇದ್ದಾನೆ. ಬದುಕಿರುವವರಲ್ಲಿ ಆ ಜಾಗ ಗೊತ್ತಿರುವುದು ನಿಮಗೊಬ್ಬರಿಗೇ. ಮುಂದಿನ ಶನಿವಾರ ಬೆಳಿಗ್ಗೆ ಸ್ಟ್ಯಾಂಜರಿನ ಟ್ಯಾಕ್ಸಿ ನಿಲ್ದಾಣಕ್ಕೆ ಬನ್ನಿ. ಜಾಗ ತೋರಿಸಿ, ನಮ್ಮ ಜೊತೆ ನೊಂಗೋಮಾದವರೆಗೂ ಬನ್ನಿ. ಅವನು ನಿಮ್ಮನ್ನೂ ಹುಡುಕುತ್ತಿರಬಹುದು. ಅಮ್ಮನಿಗೆ ಹೆದರಬೇಡಿ. ಜಾಗ ತಪ್ಪಿತ್ತು ಎಂದಷ್ಟೇ ಅವರಿಗೆ ಹೇಳಿದ್ದೇನೆ, ಯಾಕೆ ತಪ್ಪಿತು ಎಂದು ಹೇಳಿಲ್ಲ. ಆಮೇಲೆ ನೀವು ಎಲ್ಲಿಗೆ ಹೋದರೂ ನನಗೆ ಬೇಕಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಉಳಿಯುವುದು ಬೇಡ.

ದುಮಿಸಾನಿಯ ತಂಗಿ,
ಖೆತಿವೆ

ತಾ.ಕ.: ಅಮ್ಮನಿಗೆ ಹೇಳಿಲ್ಲ ಎಂದು ಬರೆದದ್ದು ನೀವು ಬರಲಿ ಎಂದು. ಕಾಗದ ಅಂಟಿಸಲು ಹೋದರೆ ಮನಸ್ಸು ಒಪ್ಪಲಿಲ್ಲ, ನೀವು ಮಾಡಿದ್ದನ್ನೇ ನಾನೂ ಮಾಡಿದಂತಾಗುತ್ತದೆ. ಅಮ್ಮನಿಗೆ ಎಲ್ಲಾ ಗೊತ್ತು. ಅವರು ಅಳಲಿಲ್ಲ, ಬೈಯಲೂ ಇಲ್ಲ. "ಬರಲಿ. ಈ ಸಲಾನೂ ಅವನ ಪಕ್ಕದಲ್ಲೇ ಕೂತ್ಕೊಳ್ಳಲಿ. ಕೊಂಬೆ ಹಿಡಿದ ಮೇಲೆ ನಾನು ಅಳಿಯಂದ್ರ ಹತ್ರ ಒಂದು ಮಾತೂ ಆಡೋ ಹಾಗಿಲ್ಲ. ಏನಿದ್ರೂ ನನ್ನ ಮಗನಿಗೆ ಹೇಳ್ತೀನಿ, ಮನೆ ಬರೋ ತನಕ," ಎಂದರು.