ಎದೆಯ ಮೇಲಿನ ಬೆಕ್ಕು ಮತ್ತು ನಿಮ್ಮ ಇಪ್ಪತ್ತನಾಲ್ಕು ಪಾಠಗಳು

ಭಾಷಾ ಪರೀಕ್ಷಾ ಇಲಾಖೆಯ ಮಾನ್ಯ ನಿರ್ದೇಶಕರೇ,

ಬರುವ ಸೋಮವಾರ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಕಪಾಟು ಖಾಲಿಯಾಗಲಿದೆ. ಖಾಲಿ ಮಾಡಿಸುತ್ತಿರುವವರು ನೀವು. ಅದಾದ ಮೂರನೆಯ ದಿನ, ಗುರುವಾರ, ನನ್ನ ಅಕ್ಕ ನಿಮ್ಮ ಪರೀಕ್ಷಕರ ಮುಂದೆ ಕೊನೆಯ ಸಲ ಕೂರಬೇಕು. ಎರಡು ಸಲ ನಪಾಸಾಗಿದ್ದಾಳೆ. ಈ ಸಲವೂ ಆದರೆ ವೃದ್ಧಾಶ್ರಮದ ಕೆಲಸ ಹೋಗುತ್ತದೆ, ಅದರ ಬೆನ್ನಿಗೇ ಈ ದೇಶದಲ್ಲಿ ಉಳಿಯುವ ಪರವಾನಗಿಯೂ ಹೋಗುತ್ತದೆ. ಆ ಕಪಾಟಿಗೂ ಅಕ್ಕನ ಪರೀಕ್ಷೆಗೂ ಇರುವ ಸಂಬಂಧ ತಿಳಿಸಲು ಮೂರು ಸಲ ನಿಮ್ಮ ಕಚೇರಿಗೆ ಬಂದೆ. ಮೂರು ಸಲವೂ ಗುಮಾಸ್ತರು ತಲೆ ಎತ್ತದೆ "ಅರ್ಜಿ ಕೊಟ್ಟು ಹೋಗಿ" ಎಂದರು. ಹಾಗಾಗಿ ಈಗ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ. ನನ್ನ ತಾಯ್ನುಡಿಯಲ್ಲಿ ಬರೆದದ್ದಕ್ಕೆ ಕ್ಷಮೆಯಿರಲಿ. ನಿಮ್ಮ ಭಾಷೆಯಲ್ಲೇ ಬರೆಯೋಣವೆಂದರೆ ನಿಮ್ಮ ಇಪ್ಪತ್ತನಾಲ್ಕು ಪಾಠಗಳಲ್ಲಿ ಸಿಟ್ಟಿಗೆ ಒಂದು ಪದವೂ ಇಲ್ಲ.

ಆ ಪಾಠಗಳ ಧ್ವನಿಮುದ್ರಣವನ್ನು ತಾವು ಎಂದಾದರೂ ಪೂರ್ತಿ ಕೇಳಿದ್ದುಂಟೇ? ಅದರಲ್ಲಿ ಒಬ್ಬ ಮಹನೀಯರೂ ಒಬ್ಬ ಮಹಿಳೆಯೂ ಮೊದಲ ಪಾಠದಲ್ಲಿ ರೈಲು ನಿಲ್ದಾಣಕ್ಕೆ ಬರುತ್ತಾರೆ, ಇಪ್ಪತ್ತನಾಲ್ಕನೆಯ ಪಾಠ ಮುಗಿದರೂ ರೈಲು ಹತ್ತುವುದಿಲ್ಲ. ವೇಳೆ ಕೇಳುತ್ತಾರೆ, ಹವೆ ಹೊಗಳುತ್ತಾರೆ, ಕೊಡೆಯ ಬಣ್ಣ ವಿಚಾರಿಸುತ್ತಾರೆ. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಾಯಿ ಹಾಕುವುದಿಲ್ಲ, ಕೆಮ್ಮುವುದಿಲ್ಲ, ಸುಳ್ಳು ಹೇಳುವುದಿಲ್ಲ. ಇಂಥವರು ನಿಮ್ಮ ಊರಿನ ಯಾವ ಬೀದಿಯಲ್ಲಿದ್ದಾರೆ? ನಾಲ್ಕು ವರ್ಷದಲ್ಲಿ ನನಗಂತೂ ಒಬ್ಬರೂ ಸಿಕ್ಕಿಲ್ಲ. ಅಕ್ಕ ನಾಲ್ಕನೆಯ ಪಾಠ ದಾಟಲೇ ಇಲ್ಲ. ದಡ್ಡಿಯೆಂದಲ್ಲ. ಬೆಳಗಿನ ಪಾಳಿಯಲ್ಲಿ ಹತ್ತು ಜನರಿಗೆ ಸ್ನಾನ ಮಾಡಿಸಿ ಬಂದವಳಿಗೆ ಕೊಡೆಯ ಬಣ್ಣ ಕಟ್ಟಿಕೊಂಡು ಏನಾಗಬೇಕು? "ಆ ಇಬ್ರಲ್ಲಿ ಒಬ್ರಾದ್ರೂ ರೈಲು ತಪ್ಪಿಸ್ಕೊಂಡು ಅಳೋಕೆ ಶುರು ಮಾಡಿದ್ರೆ ಎಬ್ಬಿಸು" ಎಂದು ಮಗ್ಗುಲಾಗುತ್ತಿದ್ದಳು. ಮೊದಲ ಸಲ ನಪಾಸಾದದ್ದು ಹೀಗೆ.

ಅವಳನ್ನು ಎಬ್ಬಿಸಿದವರು ಗ್ರಂಥಾಲಯದ ಮೇಡಂ. ನಿಮ್ಮ ಇಲಾಖೆ ಇಷ್ಟು ವರ್ಷದಲ್ಲಿ ಯಾರನ್ನೂ ಕೇಳದ ಒಂದು ಪ್ರಶ್ನೆಯನ್ನು ಅವರು ಕೇಳಿದರು: "ನಿಮಗೆ ಯಾವ ಥರದ ಕಥೆ ಇಷ್ಟ? ಪ್ರೀತಿನಾ, ಪತ್ತೇದಾರಿನಾ?" ಅಕ್ಕ ತಡವರಿಸಿ, "ಜಗಳ" ಎಂದಳು. ಅವರು ನಕ್ಕು ಆ ಕಪಾಟಿನಿಂದ ಒಂದು ರೇಡಿಯೋ ನಾಟಕ ತೆಗೆದುಕೊಟ್ಟರು, ಜೊತೆಗೆ ಅದರ ಮಾತುಗಳೆಲ್ಲ ಅಚ್ಚಾಗಿದ್ದ ಪುಸ್ತಕವನ್ನೂ. ಒಂದು ಹೊಲಿಗೆ ಯಂತ್ರಕ್ಕಾಗಿ ಇಬ್ಬರು ವಾರಗಿತ್ತಿಯರು ನಲವತ್ತು ಕಂತು ಕಿತ್ತಾಡುವ ಕಥೆ. ಅಕ್ಕ ಒಂದು ಸಲ ಸುಮ್ಮನೆ ಕೇಳುವಳು, ಇನ್ನೊಂದು ಸಲ ಸಾಲಿನ ಮೇಲೆ ಬೆರಳಿಟ್ಟು ಕೇಳುವಳು, ಮೂರನೆಯ ಸಲ ಪಾತ್ರೆ ತೊಳೆಯುತ್ತ ಕೇಳುವಳು. ಮೂರು ತಿಂಗಳಲ್ಲಿ ಸೋರುವ ನಲ್ಲಿಯನ್ನು ನಿಮ್ಮ ಭಾಷೆಯಲ್ಲೇ ಬೈಯತೊಡಗಿದಳು. ಹತ್ತೊಂಬತ್ತನೆಯ ಕಂತಿನಲ್ಲಿ ಹಿರಿಯ ವಾರಗಿತ್ತಿ ಜಗಳದ ನಡುವೆ "ಎದೆ ಮೇಲೆ ಬೆಕ್ಕು ಕೂತಿದೆ" ಎಂದು ಮೆಟ್ಟಿಲ ಮೇಲೆ ಕುಸಿದಾಗ ನಮ್ಮ ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. "ಅಯ್ಯೋ, ಇವಳು ಹೋಗ್ಬಿಟ್ರೆ ಚಿಕ್ಕವಳು ಯಾರ ಹತ್ರ ಜಗಳ ಆಡ್ಬೇಕೇ?" ಎಂದು ಅಕ್ಕ ನಿಜವಾಗಿಯೂ ಅತ್ತಳು.

ಎರಡು ವಾರ ಕಳೆದಿತ್ತು. ನಮ್ಮ ವೃದ್ಧಾಶ್ರಮದ ಏಳನೆಯ ಕೋಣೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಅಜ್ಜನೊಬ್ಬರಿದ್ದಾರೆ. ಬೆಳಿಗ್ಗೆ ಹಾಸಿಗೆ ಸರಿಮಾಡುತ್ತಿದ್ದ ಸಹಾಯಕಿಗೆ ಅವರು ಮೆಲ್ಲಗೆ, "ಎದೆ ಮೇಲೆ ಬೆಕ್ಕು ಕೂತ್ಕೊಂಡಿದೆ ಕಣಮ್ಮ" ಎಂದರು. ಆ ಸಹಾಯಕಿ ನಿಮ್ಮ ಪರೀಕ್ಷೆಯಲ್ಲಿ ಎಂಬತ್ತೆಂಟು ಅಂಕ ಪಡೆದವಳು, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವಳು. ಅವಳು ಏನು ಮಾಡಿದಳು ಗೊತ್ತೇ? ಮಂಚದ ಕೆಳಗೆ ಬಗ್ಗಿ ಬೆಕ್ಕು ಹುಡುಕಿದಳು. ಪರದೆಯ ಹಿಂದೆಯೂ ನೋಡಿದಳು. ಆಮೇಲೆ ನಿಮ್ಮ ಒಂಬತ್ತನೆಯ ಪಾಠದ ವ್ಯಾಕರಣಕ್ಕೆ ಒಂದಿಷ್ಟೂ ಕುಂದು ಬಾರದಂತೆ, "ಮಹನೀಯರೇ, ಇಲ್ಲಿ ಬೆಕ್ಕು ಇರುವುದಿಲ್ಲ" ಎಂದು ತಿಳಿಸಿದಳು. ಹೊರಗೆ ಬಟ್ಟೆಯ ಬುಟ್ಟಿ ಹೊತ್ತು ಹೋಗುತ್ತಿದ್ದ ಅಕ್ಕನ ಕಿವಿಗೆ ಆ ಮಾತು ಬಿತ್ತು. ಬುಟ್ಟಿ ಬಿಸಾಡಿ ಓಡಿ ಬಂದು ಗಂಟೆ ಒತ್ತಿದಳು. "ಡಾಕ್ಟರನ್ನ ಕರೀರಿ, ಅವರಿಗೆ ಎದೆ ನೋವು!" ಇನ್ನು ಹತ್ತು ನಿಮಿಷ ತಡವಾಗಿದ್ದರೆ ಅಜ್ಜ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಈಗ ಅಜ್ಜ ಊಟಕ್ಕೆ ಉಪ್ಪು ಸಾಲದೆಂದು ದಿನಾ ತಗಾದೆ ತೆಗೆಯುತ್ತಾರೆ.

ಮುಂದಿನ ತಿಂಗಳು ನಿಮ್ಮ ಪರೀಕ್ಷಕರು ಅಕ್ಕನನ್ನು, "ಎದೆನೋವು ಬಂದ ರೋಗಿ ಏನೆನ್ನುತ್ತಾನೆ?" ಎಂದು ಕೇಳಿದರು. ಕೇಳಬೇಕಾದವರನ್ನೇ ಕೇಳಿದರು! ಅಕ್ಕ ಮುಖವರಳಿಸಿ ಬೆಕ್ಕಿನ ಮಾತು ಹೇಳಿದಳು, ಗ್ರಂಥಾಲಯದ ನಾಟಕದಲ್ಲಿ ಕಲಿತೆನೆಂದೂ ಸೇರಿಸಿದಳು. ಅವರು ಹಾಳೆಯ ಮೇಲೆ ಬರೆದದ್ದು: "ಅಸಂಬದ್ಧ. ಪಠ್ಯದಲ್ಲಿಲ್ಲ." ಎರಡು ಅಂಕದಿಂದ ನಪಾಸು. "ನನಗೆ ಎದೆಯ ಭಾಗದಲ್ಲಿ ನೋವಿನ ಅನುಭವವಾಗುತ್ತಿದೆ" ಎಂಬುದು ಸರಿಯುತ್ತರವಂತೆ. ಪ್ರಾಣ ಹೋಗುವ ಹೊತ್ತಿನಲ್ಲಿ ಇಷ್ಟು ಉದ್ದದ ವಾಕ್ಯ ಯಾರ ಬಾಯಿಗೆ ಬರುತ್ತದೆ ಸ್ವಾಮಿ? ಅದರ ಬೆನ್ನಲ್ಲೇ ನಿಮ್ಮ ಸುತ್ತೋಲೆ ಬಂತು: ಕಲಿಯುವವರ ದಾರಿ ತಪ್ಪಿಸುವ ಅನಧಿಕೃತ ಮನರಂಜನಾ ಸಾಮಗ್ರಿಯನ್ನು ಗ್ರಂಥಾಲಯಗಳಿಂದ ತೆರವುಗೊಳಿಸತಕ್ಕದ್ದು. "ನನ್ನಿಂದ ಎಲ್ಲರ ಕಪಾಟೂ ಹೋಯ್ತಲ್ಲೇ" ಎಂದು ಅಕ್ಕ ಅಂದಿನಿಂದ ಕುಗ್ಗಿಹೋಗಿದ್ದಾಳೆ.

ನಾಟಕವನ್ನು ಮೂವತ್ತೊಂದನೆಯ ಕಂತಿಗೇ ನಿಲ್ಲಿಸಿದ್ದಾಳೆ. ಕನ್ನಡಿಯ ಮುಂದೆ ನಿಂತು ಕೊಡೆಯ ಬಣ್ಣ ಬಾಯಿಪಾಠ ಮಾಡುತ್ತಿದ್ದಾಳೆ. ಇವತ್ತು ಬೆಳಿಗ್ಗೆ ಅದೇ ಅಜ್ಜ ಏನೋ ತಮಾಷೆ ಮಾಡಿದರು. ಅಕ್ಕ ನಗಲಿಲ್ಲ, ಯಾವ ಪಾಠದ ವಾಕ್ಯ ಹೇಳಲಿ ಎಂದು ಯೋಚಿಸುತ್ತ ನಿಂತಳು. ನನಗೆ ಭಯವಾಯಿತು. ಪಾಸಾಗುವ ಹಟದಲ್ಲಿ ಅವಳು ಕಲಿತದ್ದನ್ನೆಲ್ಲ ಮರೆಯುತ್ತಿದ್ದಾಳೆ.

ಸುತ್ತೋಲೆಯನ್ನು ಸೋಮವಾರದೊಳಗೆ ಹಿಂಪಡೆಯಿರಿ. ಗುರುವಾರದ ಪರೀಕ್ಷೆಯನ್ನು ನಿಮ್ಮ ಕಚೇರಿಯ ಬದಲು ಏಳನೆಯ ಕೋಣೆಯಲ್ಲಿ ನಡೆಸಿ. ಪ್ರಶ್ನೆಗಳನ್ನು ಅಜ್ಜನೇ ಕೇಳಲಿ. ಅವರು ಒಪ್ಪಿದ್ದಾರೆ. ಒಂದು ದಿನ ತಮಗೂ ವಯಸ್ಸಾಗುತ್ತದೆ. ಬೇಡವೆಂದರೂ ತಮ್ಮ ಎದೆಯ ಮೇಲೂ ಆ ಬೆಕ್ಕು ಬಂದು ಕೂರಬಹುದು. ಆ ಹೊತ್ತಿಗೆ ತಮ್ಮ ಮಂಚದ ಪಕ್ಕದಲ್ಲಿ ನನ್ನ ಅಕ್ಕ ಇರಬೇಕೋ, ಎಂಬತ್ತೆಂಟು ಅಂಕದ ಆ ಇನ್ನೊಬ್ಬಳು ಇರಬೇಕೋ, ಯೋಚಿಸಿ ತೀರ್ಮಾನಿಸಿ.

ಇಂತಿ,
ಅಂದು ಮಂಚದ ಕೆಳಗೆ ಬಗ್ಗಿ ಬೆಕ್ಕು ಹುಡುಕಿದ,
ತಮ್ಮ ಇಲಾಖೆಯ ಪ್ರಥಮ ದರ್ಜೆಯ ವಿದ್ಯಾರ್ಥಿನಿ